ಅಮೆರಿಕದ ಅನ್ವೇಷಣೆ ಮತ್ತು ಹೆಗ್ಗಡದೇವನಕೋಟೆ ಸೀಮೆ

ಯುರೋಪಿನ ನಾವಿಕರು 1492ರಿಂದ ಮೊದಲುಗೊಂಡು ಅಮೆರಿಕ ಖಂಡಗಳನ್ನು ಹುಡುಕಿ, ಗೆದ್ದು, ಅಲ್ಲಿ ನೆಲೆಯೂರಿದ ಘಟನಾವಳಿಯ ಪರಿಣಾಮ ಮೈಸೂರು ಜಿಲ್ಲೆಯ ಪಶ್ಚಿಮದ ಕಾಡಂಚಿಗೂ ಮುಟ್ಟಿದೆ. ಹೆಗ್ಗಡದೇವನಕೋಟೆ (ಎಚ್.ಡಿ. ಕೋಟೆ, ಚಿಕ್ಕದಾಗಿ ಕೋಟೆ), ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ತಾಲ್ಲೂಕುಗಳಿಗೆ ಅದು ಎರಡು ದಾರಿಯಲ್ಲಿ ಬಂತು. ಒಂದು, ಹೊಗೆಸೊಪ್ಪು, ಮೆಣಸಿನಕಾಯಿ, ಮುಸುಕಿನ ಜೋಳ, ಲಂಟಾನದಂಥ ಅಮೆರಿಕದ ಗಿಡಗಳು. ಇನ್ನೊಂದು, ಕಾಡಿನಲ್ಲಿ ಬಾಳುವವರಿಗೆ ಆ ನೆಲದ ಒಡೆತನ ಇಲ್ಲ ಎನ್ನುವ ವಸಾಹತುಶಾಹಿ ಕಾನೂನು. ಗಿಡಗಳ ಕಥೆ ಊರಿನವರಿಗೆ ಲಾಭದ್ದಾಗಿ ಕಂಡೀತು. ಕಾನೂನಿನ ಭಾರ ಬಿದ್ದದ್ದು ಮಾತ್ರ ಹೆಚ್ಚಾಗಿ ಕಾಡಿನ ಬುಡಕಟ್ಟುಗಳ ವಸತಿಗಳಾದ ಹಾಡಿಗಳ ಮೇಲೆ. ಇಲ್ಲಿನ ಮೂಲನಿವಾಸಿಗಳು ಜೇನುಕುರುಬರು, ಬೆಟ್ಟಕುರುಬರೆಂದೂ ಕರೆಯಲ್ಪಡುವ ಕಾಡುಕುರುಬರು, ಯರವರು ಮತ್ತು ಸೋಲಿಗರು. ಬಯಲುಸೀಮೆಯಲ್ಲಿ ಕುರಿ ಸಾಕುವ ಕುರುಬರಿಂದ ಕಾಡಿನ ಈ ಕುರುಬರು ಬೇರೆ. ಹೆಸರು ಒಂದೇ ಆದ್ದರಿಂದ ಜಾತಿ ಪ್ರಮಾಣಪತ್ರದ ಮೇಜಿನ ಮುಂದೆ ಗೊಂದಲ ಇಂದಿಗೂ ತಪ್ಪಿಲ್ಲ.

ಹಿನ್ನೆಲೆ

ಕ್ರಿಸ್ಟೋಫರ್ ಕೊಲಂಬಸ್ ಹೊರಟದ್ದು ಭಾರತದ ಕಡೆಗೆ. 1492ರ ಅಕ್ಟೋಬರ್ 12ರಂದು ಆತ ಕಾಲಿಟ್ಟದ್ದು ಕೆರಿಬಿಯನ್ ಸಮುದ್ರದಂಚಿನ ಒಂದು ದ್ವೀಪದಲ್ಲಿ. ಮರುವರ್ಷ ಪೋಪ್ ಆರನೆಯ ಅಲೆಕ್ಸಾಂಡರ್ ಹೊಸದಾಗಿ ಕಂಡ ನೆಲವನ್ನು ಸ್ಪೇನಿನ ದೊರೆಗಳಿಗೆ ದಯಪಾಲಿಸಿದರು. 1494ರಲ್ಲಿ ಟೊರ್ಡೆಸಿಲ್ಲಾಸ್ ಒಪ್ಪಂದದ ಮೂಲಕ ಸ್ಪೇನ್ ಮತ್ತು ಪೋರ್ಚುಗಲ್ ಭೂಪಟದ ಮೇಲೆ ಗೆರೆ ಎಳೆದು ಲೋಕವನ್ನು ಪಾಲು ಮಾಡಿಕೊಂಡವು. ಆ ನೆಲದಲ್ಲಿ ಆಗಲೇ ಬಾಳುತ್ತಿದ್ದವರನ್ನು ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಕೊಲಂಬಸ್ ಬರುವ ಹೊತ್ತಿಗೆ ಅಮೆರಿಕದ ಜನಸಂಖ್ಯೆ ಎಷ್ಟಿತ್ತೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಒಂದು ಕೋಟಿಗಿಂತ ಕಡಿಮೆ ಎಂಬಲ್ಲಿಂದ ಹತ್ತು ಕೋಟಿ ದಾಟುವವರೆಗೆ ಅಂದಾಜುಗಳಿವೆ. ಮುಂದಿನ ಒಂದೂವರೆ ಶತಮಾನದಲ್ಲಿ ಅನೇಕ ಪ್ರದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಜನ ಇಲ್ಲವಾದರೆಂಬುದನ್ನು ಬಹುಪಾಲು ಇತಿಹಾಸಕಾರರು ಒಪ್ಪುತ್ತಾರೆ. ಕತ್ತಿ, ಕೋವಿಗಳಿಗಿಂತ ಹೆಚ್ಚು ಕೊಂದದ್ದು ಸಿಡುಬು, ದಡಾರದಂಥ ರೋಗಗಳು. ಅವನ್ನು ತಾಳುವ ಶಕ್ತಿ ಅಲ್ಲಿನವರ ಮೈಯಲ್ಲಿರಲಿಲ್ಲ. 1520ರಲ್ಲಿ ಅಜ್ಟೆಕರ ರಾಜಧಾನಿ ಟೆನೋಚ್‌ಟಿಟ್ಲಾನ್‌ಗೆ ಸಿಡುಬು ಹೊಕ್ಕಿತು, ಮರುವರ್ಷ ನಗರ ಸ್ಪೇನಿನ ದಂಡನಾಯಕ ಕೊರ್ಟೆಸನ ವಶವಾಯಿತು. ಉಳಿದವರನ್ನು ಗಣಿಗೂ ಗದ್ದೆಗೂ ಬಿಟ್ಟಿ ಹಚ್ಚಲಾಯಿತು. 1545ರಲ್ಲಿ ಪತ್ತೆಯಾದ ಪೊಟೊಸಿಯ ಬೆಳ್ಳಿ ಗಣಿಯಲ್ಲಿ ಆಂಡಿಸ್ ಪರ್ವತದ ಜನ ಸರದಿಯ ಮೇಲೆ ದುಡಿಯಬೇಕಾಯಿತು. ಆ ಬೆಳ್ಳಿಯ ಒಂದು ಪಾಲು ಯುರೋಪಿನ ವ್ಯಾಪಾರಿಗಳ ಕೈಯಿಂದ ಮಲಬಾರಿನ ಕರಿಮೆಣಸಿಗೆ ಬೆಲೆಯಾಗಿ ನಮ್ಮ ಕರಾವಳಿಗೆ ಹರಿದುಬಂತು.

ಮಲಬಾರಿಗೂ ಅಮೆರಿಕಕ್ಕೂ ನಂಟು ಬೆಳೆಯಲು ಹೆಚ್ಚು ಕಾಲ ಹಿಡಿಯಲಿಲ್ಲ. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ. ಅವನ ಹಿಂದೆ ಹೊರಟ ಪೆದ್ರೊ ಆಲ್ವಾರಿಸ್ ಕಬ್ರಾಲನ ಹಡಗುಗಳು 1500ರ ಏಪ್ರಿಲಿನಲ್ಲಿ ಬ್ರೆಜಿಲಿನ ತೀರ ಮುಟ್ಟಿ, ಅದೇ ಸೆಪ್ಟೆಂಬರಿನಲ್ಲಿ ಕಲ್ಲಿಕೋಟೆಗೆ ಬಂದು ನಿಂತವು. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿತು. ಅಮೆರಿಕದ ಬೀಜಗಳು ದಕ್ಷಿಣ ಭಾರತಕ್ಕೆ ಇಳಿದದ್ದು ಮುಖ್ಯವಾಗಿ ಈ ಬಂದರುಗಳಲ್ಲಿ. ಮಲಬಾರಿನಿಂದ ವಯನಾಡು ಹತ್ತಿ ಬಾವಲಿ, ಅಂತರಸಂತೆಯ ಮೇಲೆ ಮೈಸೂರಿಗೆ ಹೋಗುವ ದಾರಿ ಕೋಟೆ ಸೀಮೆಯನ್ನೇ ಸೀಳಿಕೊಂಡು ಹೋಗುತ್ತದೆ.

ಅಡುಗೆಮನೆ ಮತ್ತು ಹೊಲ

ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ, ಸೀಬೆ, ಪರಂಗಿ, ಮರಗೆಣಸು, ಸಿಹಿಗೆಣಸು, ಮುಸುಕಿನ ಜೋಳ ಎಲ್ಲವೂ ಅಮೆರಿಕದವು. ಆಯುಧಪೂಜೆಗೆ ಟ್ರ್ಯಾಕ್ಟರಿನ ಮೂತಿಗೆ ಕಟ್ಟುವ ಚೆಂಡುಹೂವು ಕೂಡ ಮೆಕ್ಸಿಕೊ ಮೂಲದ್ದು. ಕೋಟೆ, ಸರಗೂರು ಕಡೆ ಬೆಳೆಯುವ ಉದ್ದ ಎಳೆಯ ಹತ್ತಿಯದೂ ಅದೇ ಮೂಲ. ಬಸ್ಸಾರಿನ ಖಾರಕ್ಕೆ ಹಿಂದೆ ಕರಿಮೆಣಸೇ ಆಧಾರವಾಗಿತ್ತು ಎಂದರೆ ಈಗ ನಂಬುವವರು ಕಡಿಮೆ. ಬಂದ ಬೆಳೆಗಳು ಇಷ್ಟು ಒಗ್ಗಿಹೋಗಿವೆ.

ಹಾಡಿಯ ಊಟಕ್ಕೆ ಮಾತ್ರ ಇವು ತಡವಾಗಿ ಬಂದವು. ಜೇನುಕುರುಬರ ಹಳೆಯ ಆಹಾರ ಕಾಡಿನಲ್ಲಿ ಅಗೆದು ತೆಗೆಯುವ ನೂರೆ ಮುಂತಾದ ಗೆಣಸುಗಳು, ಸೊಪ್ಪು, ಜೇನು, ಅಣಬೆ, ಹೊಳೆಯ ಮೀನು. ಗೆಣಸು ಅಗೆಯುವಾಗ ಬಳ್ಳಿಯ ಬುಡವನ್ನು ಗುಂಡಿಯಲ್ಲೇ ಬಿಟ್ಟು ಮಣ್ಣು ಮುಚ್ಚುವುದು ರೂಢಿ. ಮುಂದಿನ ಮಳೆಗೆ ಅದೇ ಮತ್ತೆ ಗೆಡ್ಡೆ ಕಟ್ಟುತ್ತದೆ. ಕಾಡಿಗೆ ಹೋಗುವುದೇ ಅಪರಾಧವಾದ ಮೇಲೆ ಈ ಊಟದ ಜಾಗಕ್ಕೆ ನ್ಯಾಯಬೆಲೆ ಅಂಗಡಿಯ ಅಕ್ಕಿ ಬಂತು.

ಹೊಗೆಸೊಪ್ಪು

ಈ ಸೀಮೆಯ ಆರ್ಥಿಕತೆಯನ್ನೇ ತಿರುಗಿಸಿದ ಅಮೆರಿಕದ ಗಿಡವೆಂದರೆ ತಂಬಾಕು. 1492ರ ನವೆಂಬರಿನಲ್ಲಿ ಕೊಲಂಬಸನ ಇಬ್ಬರು ಸಂಗಡಿಗರು ಕ್ಯೂಬಾದಲ್ಲಿ ಎಲೆ ಸುರುಟಿ ಹೊಗೆ ಎಳೆಯುವ ಜನರನ್ನು ಕಂಡರು. ಅಲ್ಲಿನವರಿಗೆ ಅದು ಪೂಜೆ, ಔಷಧ, ಸಂಧಾನಗಳ ಸಾಮಗ್ರಿ. ಭಾರತದ ದಾಖಲೆಯಲ್ಲಿ ಇದರ ಹಳೆಯ ಪ್ರಸ್ತಾಪಗಳಲ್ಲೊಂದು ಕರ್ನಾಟಕಕ್ಕೇ ಸೇರಿದ್ದು. ಅಕ್ಬರನ ರಾಯಭಾರಿ ಅಸದ್ ಬೇಗ್ 1604ರ ಸುಮಾರಿಗೆ ವಿಜಾಪುರದಲ್ಲಿ ತಂಬಾಕು ಕಂಡು, ಅಲಂಕರಿಸಿದ ಕೊಳವೆಯ ಸಮೇತ ಅದನ್ನು ಆಗ್ರಾದ ಆಸ್ಥಾನಕ್ಕೆ ಒಯ್ದ. ಹನ್ನೆರಡು ಹದಿಮೂರು ವರ್ಷದಲ್ಲಿ ಜಹಾಂಗೀರ್ ಅದನ್ನು ನಿಷೇಧಿಸಿದ. ನಿಷೇಧ ನಿಲ್ಲಲಿಲ್ಲ, ಚಟ ನಿಂತಿತು.

ಎಲೆಯಡಿಕೆಯ ಜೊತೆ ಅಗಿಯುವ ನಾಟಿ ಹೊಗೆಸೊಪ್ಪು ಹಳೆಯದು. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೆ.ಆರ್. ನಗರಗಳಲ್ಲಿ ಇಂದು ಬೆಳೆಯುವ ವರ್ಜೀನಿಯಾ ತಂಬಾಕು ಬೇರೆ, ಅದು ಸಿಗರೇಟಿಗೆ ಹೋಗುವ ಎಲೆ. ಹೆಸರಿನಲ್ಲೇ ಅದರ ಚರಿತ್ರೆ ಇದೆ. ಉತ್ತರ ಅಮೆರಿಕದ ಜೇಮ್ಸ್‌ಟೌನ್ ಎಂಬ ಇಂಗ್ಲಿಷ್ ವಸಾಹತಿನಲ್ಲಿ ಜಾನ್ ರಾಲ್ಫ್ 1612ರ ಸುಮಾರಿಗೆ ಕೆರಿಬಿಯನ್ ತಳಿಯ ತಂಬಾಕು ಹಾಕಿ ಗೆದ್ದ. 1614ರಲ್ಲಿ ಅವನು ಮದುವೆಯಾದ ಪೊಕಹಾಂಟಾಸ್, ಪೊವಾಟಾನ್ ಜನಾಂಗದ ನಾಯಕನ ಮಗಳು. ತಂಬಾಕು ಮಣ್ಣಿನ ಸಾರ ಬೇಗ ಹೀರುವುದರಿಂದ ವಸಾಹತಿಗರಿಗೆ ವರ್ಷವರ್ಷವೂ ಹೊಸ ನೆಲ ಬೇಕಾಯಿತು. ಆ ನೆಲ ಪೊವಾಟಾನರದ್ದಾಗಿತ್ತು. ದುಡಿಯಲು ಆಫ್ರಿಕದಿಂದ ಗುಲಾಮರನ್ನು ತಂದರು. ಎಲೆಯನ್ನು ಇದ್ದಿಲಿನ ಬಿಸಿಯಲ್ಲಿ ಒಣಗಿಸಿ ಹೊಂಬಣ್ಣ ಬರಿಸುವ ವಿದ್ಯೆ 1839ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಸ್ಟೀಫನ್ ಎಂಬ ಗುಲಾಮನ ಕೈಯಿಂದ ಹೊರಬಂತೆಂದು ಹೇಳುತ್ತಾರೆ. ಹುಣಸೂರಿನ ಬ್ಯಾರನ್ನುಗಳಲ್ಲಿ ನಡೆಯುವುದು ಅದರಿಂದ ಬೆಳೆದ, ಕೊಳವೆಯಲ್ಲಿ ಬಿಸಿ ಹಾಯಿಸುವ ಕ್ರಮ.

ಬ್ಯಾರನ್ ಎಂದರೆ ಹೊಲದ ಪಕ್ಕದಲ್ಲಿ ಕಾಣುವ ಎತ್ತರದ, ಕಿಟಕಿಯಿಲ್ಲದ ಚೌಕದ ಕೋಣೆ. ಒಲೆಯ ಬಾಯಿ ಹೊರಗೆ, ಬಿಸಿ ಸಾಗುವ ತಗಡಿನ ಕೊಳವೆ ಒಳಗೆ ನೆಲದ ಮೇಲೆ ಸುತ್ತುತ್ತದೆ. ಕೊಯ್ದ ಹಸಿ ಎಲೆಯನ್ನು ದಾರದಿಂದ ಕಡ್ಡಿಗೆ ಕಟ್ಟಿ, ಸಾಲು ಸಾಲಾಗಿ ಸೂರಿನವರೆಗೆ ನೇತುಹಾಕುತ್ತಾರೆ. ಎಲೆ ಕಟ್ಟುವುದು ಹೆಚ್ಚಾಗಿ ಹೆಂಗಸರ ಕೆಲಸ. ಮೊದಲು ಮಂದ ಬಿಸಿಯಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಬಣ್ಣ ನಿಲ್ಲಬೇಕು, ಕೊನೆಗೆ 70 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ನಡುನರ ಒಣಗಬೇಕು. ಐದಾರು ದಿನ ಹಗಲಿರುಳು ಒಲೆ ಕಾಯದೆ ವಿಧಿಯಿಲ್ಲ. ಉರಿ ಒಂದಿಷ್ಟು ಹೆಚ್ಚಾದರೆ ಎಲೆ ಕಪ್ಪಾಗಿ ಹರಾಜಿನಲ್ಲಿ ದರ ಕುಸಿಯುತ್ತದೆ. ಒಂದು ಕಿಲೊ ಎಲೆ ಹದಕ್ಕೆ ಬರಲು ಸಾಮಾನ್ಯವಾಗಿ ನಾಲ್ಕೈದು ಕಿಲೊ ಸೌದೆ ಉರಿಯುತ್ತದೆ. ಕಾಡಂಚಿನ ತಾಲ್ಲೂಕುಗಳಲ್ಲಿ ಈ ಲೆಕ್ಕ ಹೊಲದ ಬದುವಿನೊಳಗೇ ಮುಗಿಯುವಂಥದ್ದಲ್ಲ.

ತಂಬಾಕು ಮಂಡಳಿ 1976ರ ಜನವರಿಯಲ್ಲಿ ಅಸ್ತಿತ್ವಕ್ಕೆ ಬಂತು. ಹರಾಜು ಪದ್ಧತಿ ಕರ್ನಾಟಕದಲ್ಲಿ 1984ರಲ್ಲಿ ಶುರುವಾಯಿತು. ಪಿರಿಯಾಪಟ್ಟಣ, ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದ, ಎಚ್.ಡಿ. ಕೋಟೆಗಳಲ್ಲಿ ಹರಾಜು ಮಾರುಕಟ್ಟೆಗಳಿವೆ, ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವಿದೆ. ಮಳೆಯಾಶ್ರಿತ ಕೆಂಪು ಭೂಮಿಯಲ್ಲಿ ಕೈಗೆ ಗಟ್ಟಿ ಹಣ ಕೊಡುವ ಬೆಳೆ ಬೇರೆ ಇಲ್ಲವೆಂದು ರೈತರು ಹೇಳುವ ಮಾತಿನಲ್ಲಿ ಹುರುಳಿದೆ. ಭಾರತ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅಂಗೀಕರಿಸಿದ ಮೇಲೂ ಬೆಳೆ ನಿಂತಿಲ್ಲ. ಹಾಡಿಯವರು ಈ ಆರ್ಥಿಕತೆಯೊಳಗೆ ಬಂದದ್ದು ಬಹುಮಟ್ಟಿಗೆ ಕೂಲಿಯಾಳುಗಳಾಗಿ. ತಂಬಾಕಿನ ಹಂಗಾಮಿಗೆ ಇಲ್ಲಿ, ಶುಂಠಿಗೆ ಪಕ್ಕದ ಹೋಬಳಿಯಲ್ಲಿ, ಕಾಫಿ ಕೊಯ್ಲಿಗೆ ಕೊಡಗಿನಲ್ಲಿ ಎಂದು ಅವರ ವರ್ಷ ಹಂಚಿಹೋಗುತ್ತದೆ.

ನೆಲದ ಹಕ್ಕು

ಅಮೆರಿಕದಲ್ಲಿ ನೆಲ ಕಿತ್ತುಕೊಳ್ಳಲು ಬಳಸಿದ ತರ್ಕವನ್ನು ಅಲ್ಲಿನ ಸುಪ್ರೀಂ ಕೋರ್ಟ್ 1823ರ ಜಾನ್ಸನ್ ವಿರುದ್ಧ ಮ್ಯಾಕಿಂಟಾಷ್ ಪ್ರಕರಣದಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಿತು. ನೆಲವನ್ನು ಮೊದಲು ಕಂಡ ಯುರೋಪಿನ ರಾಜ್ಯದ್ದೇ ಒಡೆತನ, ಮೂಲನಿವಾಸಿಗಳದ್ದು ವಾಸದ ಅನುಕೂಲ ಮಾತ್ರ ಎಂಬುದು ಅದರ ಸಾರ. ಈ ಸಿದ್ಧಾಂತದ ಬೇರು 15ನೆಯ ಶತಮಾನದ ಪೋಪ್ ಆಜ್ಞೆಗಳಲ್ಲಿತ್ತು. ವ್ಯಾಟಿಕನ್ ಅದನ್ನು ತಾನು ಒಪ್ಪುವುದಿಲ್ಲವೆಂದು ಹೇಳಿದ್ದು 2023ರ ಮಾರ್ಚಿನಲ್ಲಿ.

ಭಾರತದಲ್ಲಿ ಬ್ರಿಟಿಷರು ಆ ಸಿದ್ಧಾಂತವನ್ನು ಹಾಗೆಯೇ ತಂದರೆನ್ನಲು ಆಧಾರವಿಲ್ಲ. ಆದರೆ 1865 ಮತ್ತು 1878ರ ಅರಣ್ಯ ಕಾಯ್ದೆಗಳು ಹೋಗಿ ಮುಟ್ಟಿದ್ದು ಅದೇ ಜಾಗಕ್ಕೆ: ಕಾಡು ಸರ್ಕಾರದ್ದು, ಒಳಗಿರುವವರು ತರುವ ಜೇನು, ಸೌದೆ, ಗೆಣಸು ಹಕ್ಕಲ್ಲ, ಬೇಕೆಂದಾಗ ಹಿಂತೆಗೆಯಬಹುದಾದ ರಿಯಾಯಿತಿ. ಮೈಸೂರಿನಲ್ಲಿ ಬ್ರಿಟಿಷ್ ಕಮಿಷನರ ಆಡಳಿತವಿದ್ದಾಗಲೇ, 1864ರಲ್ಲಿ, ಅರಣ್ಯ ಇಲಾಖೆ ಶುರುವಾಯಿತು. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿದ ಮೇಲೂ ಇಲಾಖೆಯ ನಡೆ ಬದಲಾಗಲಿಲ್ಲ. ಕಾಡು ಕಡಿದು ಸುಟ್ಟು ರಾಗಿ ಚೆಲ್ಲುವ ಬೇಸಾಯ ನಿಂತಿತು, ತೇಗದ ನೆಡುತೋಪುಗಳು ಎದ್ದವು. ಇದಕ್ಕೂ ಮುಂಚೆ, 1800ರಲ್ಲಿ, ಈ ಸೀಮೆಯಲ್ಲಿ ಹಾದುಹೋದ ಬ್ರಿಟಿಷ್ ಸರ್ವೇಕ್ಷಕ ಫ್ರಾನ್ಸಿಸ್ ಬುಕಾನನ್ ಕಾಡುಕುರುಬರ ಬಗ್ಗೆ ಬರೆದಿದ್ದಾನೆ. ಬಡವರಾದ ಅವರು ಬೆಂಕಿಯ ಪಂಜು ಹಿಡಿದು ಊರಿನವರ ಬೆಳೆಯಿಂದ ಆನೆ ಓಡಿಸುತ್ತಿದ್ದರೆನ್ನುತ್ತಾನೆ. ಅವನು ಕಂಡ ಪಿರಿಯಾಪಟ್ಟಣದ ಹಾಳು ಕೋಟೆಯಲ್ಲಿ ಹುಲಿಗಳು ಸೇರಿಕೊಂಡಿದ್ದವಂತೆ.

ಆನೆ ಬಲ್ಲ ಈ ಜನ ಕಾಡಾನೆಗಳನ್ನು ಹಿಂಡಾಗಿ ಅಟ್ಟಿ ಹಿಡಿಯುವ ಖೆಡ್ಡಾಕ್ಕೆ ಅನಿವಾರ್ಯವಾದರು. ಮೈಸೂರು ರಾಜ್ಯದಲ್ಲಿ ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್ 1870ರ ದಶಕದಲ್ಲಿ ಆರಂಭಿಸಿದ ಖೆಡ್ಡಾ ಮುಂದೆ ಈ ಸೀಮೆಯ ಕಾಕನಕೋಟೆ ಕಾಡಿನಲ್ಲಿ ವೈಸರಾಯ್‌ಗಳೂ ನೋಡಲು ಬರುವ ವೈಭವವಾಯಿತು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಆ ಕಾಡಿನ ಒಂದು ಭಾಗ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿತು. ಅತಿಥಿಗಳ ಛಾಯಾಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಹೆಜ್ಜೆ ಹಿಡಿದು ಆನೆಹಿಂಡು ಹುಡುಕಿಕೊಟ್ಟ ಕುರುಬರ ಹೆಸರುಗಳಿಗಾಗಿ ದಾಖಲೆಗಳಲ್ಲಿ ತಡಕಬೇಕು. ದಸರೆಯ ಆನೆಗಳ ಮಾವುತ, ಕಾವಾಡಿಗಳಲ್ಲಿ ಜೇನುಕುರುಬರ ಸಂಖ್ಯೆ ಇಂದಿಗೂ ದೊಡ್ಡದು. ಕಾಡಿನವರಿಗೂ ಊರಿನ ಅಧಿಕಾರಕ್ಕೂ ಇದ್ದ ಜಗ್ಗಾಟವನ್ನು ಮಾಸ್ತಿ ‘ಕಾಕನಕೋಟೆ’ ನಾಟಕದಲ್ಲಿ ರಣಧೀರ ಕಂಠೀರವನ ಕಾಲಕ್ಕೆ ಇಟ್ಟು ಬರೆದರು. 1977ರಲ್ಲಿ ಸಿ.ಆರ್. ಸಿಂಹ ಅದನ್ನು ಚಲನಚಿತ್ರ ಮಾಡಿದರು.

ಕಾಡಿನಿಂದ ಜನರನ್ನು ಹೊರಗೆ ಕಳಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಸ್ವಾತಂತ್ರ್ಯದ ನಂತರ. ಇದನ್ನು ಯುರೋಪಿನವರ ಲೆಕ್ಕಕ್ಕೆ ಬರೆಯಲಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1973ರಲ್ಲಿ ಬಂಡೀಪುರಕ್ಕೆ ಬಂದ ಹುಲಿ ಯೋಜನೆ, 643 ಚದರ ಕಿ.ಮೀ. ವಿಸ್ತಾರದ ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಕಬಿನಿ ಜಲಾಶಯ, ಒಂದೊಂದೂ ಹಾಡಿಗಳನ್ನು ಸರಿಸಿತು. ಆಮೇಲೆ ವಿಶ್ವಬ್ಯಾಂಕ್ ನೆರವಿನ ಪರಿಸರ ಅಭಿವೃದ್ಧಿ ಯೋಜನೆ ಬಂತು. ಉದ್ಯಾನದೊಳಗೆ ಮುರ್ಕಲ್‌ನಲ್ಲಿ ಖಾಸಗಿ ಹೋಟೆಲು ಬರುವುದನ್ನು ಆದಿವಾಸಿ ಸಂಘಟನೆಗಳು ವಿರೋಧಿಸಿ ನ್ಯಾಯಾಲಯಕ್ಕೆ ಹೋದವು, 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು. ಜೇನುಕುರುಬನಿಗೆ ಗೆಣಸು ಅಗೆಯಲು ಬಿಡದ ಕಾಡಿನಲ್ಲಿ ಹೋಟೆಲು ಕಟ್ಟಬಹುದೇ ಎಂಬ ಅವರ ಪ್ರಶ್ನೆ ಸರಳವಾಗಿತ್ತು.

ಹೈಕೋರ್ಟ್ ಸೂಚನೆಯಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ನಾಗರಹೊಳೆ ಸುತ್ತಿನ ಒಕ್ಕಲೆಬ್ಬಿಸಲ್ಪಟ್ಟ ಕುಟುಂಬಗಳು 3,418 ಎಂದು ಅದು ಲೆಕ್ಕ ಹಾಕಿತು. ಹೊರಬಂದವರಲ್ಲಿ ಕೆಲವರಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ಮನೆ, ಜಮೀನು ಸಿಕ್ಕಿತು. ಅನೇಕರು ತೋಟದ ಲೈನ್‌ಮನೆಗಳಿಗೆ ಸೇರಿದರು. 1984ರಲ್ಲಿ ಹುಟ್ಟಿ, ಕೋಟೆ ತಾಲ್ಲೂಕಿನಲ್ಲಿ ಆಸ್ಪತ್ರೆ, ಶಾಲೆಗಳ ಮೂಲಕ ಕೆಲಸ ಮಾಡಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹಾಡಿಗಳ ಬದುಕಿಗೆ ಆಸರೆಯಾಯಿತು. ನೆಲದ ಪ್ರಶ್ನೆ ಮಾತ್ರ ಸಂಘಸಂಸ್ಥೆಗಳು ಬಗೆಹರಿಸುವಂಥದ್ದಾಗಿರಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ತನ್ನ ಪೀಠಿಕೆಯಲ್ಲೇ ಕಾಡಿನವರಿಗೆ ಚಾರಿತ್ರಿಕ ಅನ್ಯಾಯವಾಗಿದೆ ಎಂದು ಒಪ್ಪಿಕೊಂಡಿತು. ಅದರಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕುಗಳು ಸಿಕ್ಕವು. ಹುಲಿ ಮೀಸಲು ಪ್ರದೇಶವೊಂದರಲ್ಲಿ ದೇಶಕ್ಕೇ ಅದು ಮೊದಲನೆಯದು. ನಾಗರಹೊಳೆಯಲ್ಲಿ ಅಂಥ ತೀರ್ಮಾನಕ್ಕೆ ಕಾದವರು ಇನ್ನೂ ಕಾಯುತ್ತಿದ್ದಾರೆ. 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ಕೊಡಗಿನ ಮಗ್ಗುಲಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ, ಹಿರಿಯರ ಜಾಗವೆಂದು, ಮರಳಿ ಹೋಗಿ ಗುಡಿಸಲು ಹಾಕಿದವು. ಹಿರಿಯರ ಸಮಾಧಿಗಳನ್ನೂ ದೇವರ ಬನಗಳನ್ನೂ ಅವರು ತಮ್ಮ ಪುರಾವೆಯಾಗಿ ತೋರಿಸಿದರು.

ಹೋಲಿಕೆಯ ಮಿತಿ

ಅಮೆರಿಕದಂತೆ ಇಲ್ಲಿ ಜನಾಂಗವೇ ಅಳಿಯಲಿಲ್ಲ. ಸಿಡುಬು ಈ ನಾಡಿಗೆ ಹೊಸದಾಗಿರಲಿಲ್ಲ. ಅದರ ತಡೆಗೆ ಯುರೋಪಿನಿಂದ ಬಂದ ಲಸಿಕೆಯನ್ನು 1805ರ ಸುಮಾರಿಗೆ ಮೈಸೂರು ಅರಮನೆಯ ರಾಣಿವಾಸವೇ ಹಾಕಿಸಿಕೊಂಡಿತ್ತು. 2011ರ ಜನಗಣತಿಯಲ್ಲಿ ಜೇನುಕುರುಬರು ಸುಮಾರು 36 ಸಾವಿರ ಇದ್ದರು. ಕರ್ನಾಟಕದಲ್ಲಿ ವಿಶೇಷವಾಗಿ ದುರ್ಬಲವೆಂದು ಗುರುತಿಸಿರುವ ಎರಡು ಬುಡಕಟ್ಟುಗಳಲ್ಲಿ ಇದೊಂದು, ಇನ್ನೊಂದು ಕೊರಗ. ಇಲ್ಲಿ ಕಳೆದುಹೋದದ್ದು ನೆಲದ ಮೇಲಿನ ಮಾತು. ಕಳೆದುಕೊಂಡದ್ದೂ ಹಂತಹಂತವಾಗಿ, ಬ್ರಿಟಿಷ್ ಕಮಿಷನರು, ಅರಸರು, ಪ್ರಜಾಪ್ರಭುತ್ವದ ಸರ್ಕಾರ ಎಂಬ ಮೂರು ಆಳ್ವಿಕೆಗಳ ಕೈಯಲ್ಲಿ.

ಲಂಟಾನ

ಕಾನೂನೂ ಗಿಡವೂ ಒಂದಕ್ಕೊಂದು ಕೈಜೋಡಿಸಿದ್ದು ಲಂಟಾನದ ವಿಷಯದಲ್ಲಿ. ಉಷ್ಣವಲಯದ ಅಮೆರಿಕದ ಈ ಪೊದೆಯನ್ನು ಡಚ್ಚರು 17ನೆಯ ಶತಮಾನದಲ್ಲಿ ಯುರೋಪಿಗೆ ಒಯ್ದು ಹೂವಿನ ಅಂದಕ್ಕಾಗಿ ಮಿಶ್ರತಳಿ ಮಾಡಿ ಬೆಳೆಸಿದರು. 19ನೆಯ ಶತಮಾನದ ಆರಂಭದಲ್ಲಿ ಅದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದು ಬೇಲಿಗಿಡವಾಗಿ ಎಲ್ಲೆಡೆ ಹರಡಿತು. ಹಣ್ಣನ್ನು ಹಕ್ಕಿಗಳು ತಿಂದು ಬೀಜ ಚೆಲ್ಲುತ್ತವೆ, ಎಲೆಯನ್ನು ದನವೂ ಜಿಂಕೆಯೂ ಮುಟ್ಟುವುದಿಲ್ಲ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಭಾರತದಲ್ಲಿ ಒಂದೂವರೆ ಲಕ್ಷ ಚದರ ಕಿ.ಮೀ.ಗೂ ಹೆಚ್ಚು ಕಾಡನ್ನು ಅದು ಆವರಿಸಿದೆ. ನಾಗರಹೊಳೆ, ಬಂಡೀಪುರಗಳಲ್ಲಿ ರಸ್ತೆಯ ಎರಡೂ ಬದಿ ಆಳೆತ್ತರ ಬೆಳೆದ ಪೊದೆಯೊಳಗೆ ಹುಲ್ಲು ಏಳುವುದಿಲ್ಲ, ಗೆಣಸಿನ ಬಳ್ಳಿ ಸಿಗುವುದಿಲ್ಲ, ಎದುರಿನ ಆನೆ ಕಾಣುವುದಿಲ್ಲ. ಇತ್ತೀಚಿನ ದಶಕಗಳಲ್ಲಿ ಇದರ ಜೊತೆಗೆ ಹಳದಿ ಹೂವಿನ ಸೆನ್ನಾ ಮರ ಸೇರಿಕೊಂಡಿದೆ. ಅದೂ ಅಮೆರಿಕದ್ದೇ.

ಲಂಟಾನ ಹೆಚ್ಚಲು ಕಾರಣವೇನೆಂದು ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ಕೇಳಿದರೆ ಬೆಂಕಿ ನಿಷೇಧ ಎನ್ನುತ್ತಾರೆ. ಬೇಸಿಗೆಯ ಮೊದಲಲ್ಲಿ ಒಣಗಿದೆಲೆಗೆ ಹಾಕುತ್ತಿದ್ದ ಹಗುರ ಉರಿಗೆ ಅವರು ತರಗು ಬೆಂಕಿ ಎನ್ನುತ್ತಾರೆ. ಅದು ಸಣ್ಣ ಸಸಿಗಳನ್ನು ಸುಟ್ಟು, ದೊಡ್ಡ ಮರಗಳನ್ನು ಬಿಡುತ್ತಿತ್ತು. ಇಲಾಖೆ ಬೆಂಕಿಯನ್ನು ಅಪರಾಧ ಮಾಡಿದ ಮೇಲೆ ಲಂಟಾನ ತಲೆಯೆತ್ತಿತು, ಈಗ ಬೆಂಕಿ ಬಿದ್ದರೆ ಆ ಪೊದೆಯನ್ನೇ ಹಿಡಿದು ಮರದ ತುದಿಯವರೆಗೆ ಏರುತ್ತದೆ. ಈ ವಾದವನ್ನು ಪರಿಸರ ವಿಜ್ಞಾನಿಗಳು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ಮಾಡಿದ್ದಾರೆ. ಬೆಂಕಿಯೊಂದೇ ಕಾರಣವೆಂದು ಎಲ್ಲರೂ ಒಪ್ಪಿಲ್ಲವಾದರೂ, ಕಾಡು ಬಲ್ಲವರ ಮಾತನ್ನು ನೂರು ವರ್ಷ ಕೇಳದೆ ಹೋದದ್ದು ನಷ್ಟ ಎಂಬುದರಲ್ಲಿ ಅನುಮಾನ ಉಳಿದಿಲ್ಲ.

ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಎರಡು ದಶಕಗಳಿಂದ ಲಂಟಾನದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿ ಹೆಣೆಯುತ್ತಿದ್ದಾರೆ. ಬಂಡೀಪುರಕ್ಕೆ ಹೊಂದಿಕೊಂಡ ನೀಲಗಿರಿಯ ಗೂಡಲೂರು ಭಾಗದಲ್ಲಿ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ, ಸೋಲಿಗ ಕುಶಲಿಗಳು ಅದೇ ಕಡ್ಡಿಯಿಂದ ನಿಜ ಗಾತ್ರದ ಆನೆಗಳನ್ನು ಕಟ್ಟಿದರು. 2021ರಲ್ಲಿ ಅಂಥ ಆನೆಗಳು ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. 2024ರಲ್ಲಿ ಅಂಥದೇ ಹಿಂಡು ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕ್ ದಾಟಿ, ಮೊಂಟಾನಾದ ಬ್ಲ್ಯಾಕ್‌ಫೀಟ್ ಬುಡಕಟ್ಟಿನ ನೆಲದವರೆಗೂ ಸಾಗಿತು. ಕಾಡಿನೊಳಗಿನ ಲೆಕ್ಕಕ್ಕೆ ಇದು ಬಹಳ ಸಣ್ಣದು. ಪೊದೆಯನ್ನು ಕಡಿದರೆ ಬುಡದಿಂದ ಮತ್ತೆ ಚಿಗುರುವುದರಿಂದ ಬೇರಿನ ಕಂಠವನ್ನೇ ನೆಲದೊಳಗೆ ಕತ್ತರಿಸಿ ಕಿತ್ತು ತಲೆಕೆಳಗು ಮಾಡಬೇಕು, ತೆರವಾದ ಜಾಗದಲ್ಲಿ ನಾಟಿ ಹುಲ್ಲು ಹಿಡಿಯುವವರೆಗೆ ಪ್ರತಿ ಮಳೆಗಾಲದ ನಂತರ ಹೊಸ ಸಸಿಗಳನ್ನು ಕೀಳಬೇಕು. ಆ ಕೆಲಸಕ್ಕೆ ಬೇಕಾದ ಆಳುಗಳು ಹಾಡಿಗಳಲ್ಲಿದ್ದಾರೆ, ದಿನಗೂಲಿಯ ಮೇಲೆ.